ಎಡಗೈಗೆ ಗೊತ್ತಿದ್ದದ್ದು

ನಮ್ಮ ಆಫೀಸಿಗೆ ಎರಡು ತಿಂಗಳ ಹಿಂದೆ ಒಬ್ಬ ಹುಡುಗಿ ಸೇರಿದಳು. ಹಾವೇರಿ ಕಡೆಯವಳು. ಓದು ಚೆನ್ನಾಗಿದೆ, ಕನ್ನಡ ಇನ್ನೂ ಚೆನ್ನಾಗಿದೆ. ನಮ್ಮದು ಅನುವಾದದ ಕೆಲಸ. ಇಂಗ್ಲಿಷಿನ ಪಾಠ, ಕೈಪಿಡಿ, ತಿಳಿವಳಿಕೆ ಪತ್ರ ಇಂಥವನ್ನೆಲ್ಲ ಕನ್ನಡಕ್ಕೆ ತರುತ್ತೇವೆ. ಹಾಗಾಗಿ ನಮ್ಮೆಲ್ಲರ ಸ್ಕ್ರೀನ್ ಮೇಲೂ ಎರಡು ಮೂರು ವಿಂಡೋ ಯಾವಾಗಲೂ ತೆರೆದೇ ಇರುತ್ತವೆ. ಒಂದರಲ್ಲಿ ಮೂಲ, ಒಂದರಲ್ಲಿ ಕನ್ನಡ, ಇನ್ನೊಂದರಲ್ಲಿ ನಿಘಂಟು. ಅವತ್ತು ಅವಳು ಒಂದು ಪಟ್ಟಿ ತುಂಬುತ್ತಿದ್ದಳು. ಮೂಲ ಸ್ಕ್ಯಾನ್ ಮಾಡಿದ ಫೈಲು, ಕಾಪಿ ಮಾಡೋಕೆ ಬರಲ್ಲ. ಅಂಕಿ ಕಣ್ಣಲ್ಲಿ ನೋಡಬೇಕು, ಬಾಯಲ್ಲಿ ಹಿಡಿದುಕೊಳ್ಳಬೇಕು, ಇನ್ನೊಂದು ಫೈಲಿಗೆ ಬಂದು ಹಾಕಬೇಕು.

ನನ್ನ ಟೇಬಲ್ ಅವಳ ಬಲಕ್ಕಿದೆ. ಅವಳ ತುಟಿ ಅಲ್ಲಾಡುವುದು ಕಾಣುತ್ತಿತ್ತು. ‘ನಾಲ್ಕು ಸಾವಿರದ ಇನ್ನೂರ ಎಪ್ಪತ್ತೈದು, ನಾಲ್ಕು ಸಾವಿರದ ಇನ್ನೂರ ಎಪ್ಪತ್ತೈದು’ ಎನ್ನುತ್ತಾ ಕೈ ಮೌಸಿಗೆ ಹೋಗುತ್ತದೆ. ಬಾಣ ಸ್ಕ್ರೀನಿನ ಕೆಳಗೆ ಇಳಿಯುತ್ತದೆ. ಅಲ್ಲಿ ವರ್ಡ್‌ನ ಚಿತ್ರ ಒತ್ತಿದರೆ ಮೂರು ಪುಟ್ಟ ಚೌಕ ಮೇಲೇಳುತ್ತವೆ. ಮೂರೂ ಒಂದೇ ಥರ ಬಿಳಿ. ಒಂದನ್ನು ಒತ್ತುತ್ತಾಳೆ, ಅದಲ್ಲ. ಮತ್ತೆ ಕೆಳಗೆ, ಇನ್ನೊಂದು ಒತ್ತುತ್ತಾಳೆ. ಹಾಂ, ಇದೇ. ಅಷ್ಟರಲ್ಲಿ ತುಟಿ ನಿಂತಿರುತ್ತದೆ. ಇನ್ನೂರ ಎಪ್ಪತ್ತೈದೋ, ಇನ್ನೂರ ಐವತ್ತೇಳೋ? ವಾಪಸ್ ಹೋಗಿ ನೋಡಬೇಕು. ಅರ್ಧ ಗಂಟೆ ಇದನ್ನೇ ನೋಡುತ್ತಾ ಕೂತಿದ್ದೆ. ಅವಳ ತಪ್ಪು ಒಂದಿಷ್ಟೂ ಇರಲಿಲ್ಲ. ಒಂದು ಮನೆಯಿಂದ ಇನ್ನೊಂದು ಮನೆಗೆ ಬೊಗಸೆಯಲ್ಲಿ ನೀರು ಹೊತ್ತುಕೊಂಡು ಹೋದ ಹಾಗೆ ಅವಳು ಅಂಕಿ ಹೊತ್ತುಕೊಂಡು ಹೋಗುತ್ತಿದ್ದಳು. ದಾರಿಯಲ್ಲೇ ಸೋರಿ ಹೋಗುತ್ತಿತ್ತು.

ಕೊನೆಗೆ ಎದ್ದು ಹೋಗಿ, ‘ನೋಡಮ್ಮ, ಒಂದು ನಿಮಿಷ’ ಎಂದೆ. ಬಗ್ಗಿ, ಎಡಗೈಯಿಂದ ಕೀಬೋರ್ಡಿನ ಆಲ್ಟ್ ಕೀ ಹಿಡಿದು ಟ್ಯಾಬ್ ಕೀ ಒಂದು ಸಲ ತಟ್ಟಿ ಬಿಟ್ಟೆ. ಮೂಲ ಬಂತು. ಮತ್ತೆ ತಟ್ಟಿದೆ. ಕನ್ನಡ ಬಂತು. ಮೂಲ, ಕನ್ನಡ, ಮೂಲ, ಕನ್ನಡ. ಅವಳು ನನ್ನ ಕೈ ನೋಡಿದಳು, ಸ್ಕ್ರೀನ್ ನೋಡಿದಳು. ಆಮೇಲೆ ಕೇಳಿದಳು: ‘ಇವನ್ನೆಲ್ಲಾ ಎಲ್ಲಿ ಬರ್ದಿರ್ತಾರ್ರೀ ಮೇಡಂ?’

‘ಎಲ್ಲೂ ಬರೆದಿಲ್ಲ ಕಣಮ್ಮ’ ಎಂದುಬಿಟ್ಟೆ. ಬಸ್ಸಿನಲ್ಲಿ ಮನೆಗೆ ಬರುವಾಗ ಆ ಮಾತೇ ತಲೆಯಲ್ಲಿ ಸುತ್ತುತ್ತಿತ್ತು. ಬರೆದಿಲ್ಲ ಅನ್ನುವುದು ಪೂರ್ತಿ ನಿಜವಲ್ಲ. ಹುಡುಕಿದರೆ ಶಾರ್ಟ್‌ಕಟ್‌ಗಳ ಪಟ್ಟಿ ಬೇಕಾದಷ್ಟು ಸಿಗುತ್ತವೆ. ಆದರೆ ಹುಡುಕೋಕೆ ಇಂಥದ್ದೊಂದು ಇದೆ ಅಂತಾದರೂ ಗೊತ್ತಿರಬೇಕಲ್ವಾ? ಸ್ಕ್ರೀನ್ ಮೇಲೆ ಮುಚ್ಚುವುದಕ್ಕೆ ಒಂದು ಗುಂಡಿ ಇದೆ, ಚಿಕ್ಕದು ಮಾಡುವುದಕ್ಕೆ ಒಂದಿದೆ, ದೊಡ್ಡದು ಮಾಡುವುದಕ್ಕೆ ಒಂದಿದೆ. ಆಲ್ಟ್-ಟ್ಯಾಬ್‌ಗೆ ಏನೂ ಇಲ್ಲ. ಅದು ಇದೆ ಎಂದು ಹೇಳುವ ಒಂದು ಗುರುತೂ ಇಲ್ಲ. ಪಕ್ಕದಲ್ಲಿ ಕೂತ ಯಾರದೋ ಕೈ ನೋಡಿಯೇ ತಿಳಿಯಬೇಕು. ನಾನೂ ಹಾಗೆಯೇ ತಿಳಿದದ್ದು.

ದುರ್ಗಿಗುಡಿಯ ಆ ಮಧ್ಯಾಹ್ನ

2002ರ ಬೇಸಿಗೆ. ಡಿಗ್ರಿ ಪರೀಕ್ಷೆ ಮುಗಿದಿತ್ತು. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಒಂದು ಡಿಟಿಪಿ ಸೆಂಟರಿಗೆ ಕೆಲಸಕ್ಕೆ ಸೇರಿಕೊಂಡಿದ್ದೆ. ಒಂದೇ ಕೋಣೆ, ಎರಡು ಕಂಪ್ಯೂಟರು, ಒಂದು ಲೇಸರ್ ಪ್ರಿಂಟರು, ಕರೆಂಟು ಹೋದಾಗಲೆಲ್ಲ ಕೀಂ ಎನ್ನುವ ಒಂದು ಯುಪಿಎಸ್ಸು. ಮದುವೆ ಕಾಲ. ಲಗ್ನಪತ್ರಿಕೆಗಳೇ ಜಾಸ್ತಿ. ನಡುವೆ ಕಾಲೇಜು ಹುಡುಗರ ಪ್ರಾಜೆಕ್ಟ್ ರಿಪೋರ್ಟು, ಸೊಸೈಟಿಯ ವಾರ್ಷಿಕ ವರದಿ. ಅಲ್ಲಿ ಮೊದಲಿನಿಂದ ಇದ್ದದ್ದು ಅಕ್ಕ. ಎಲ್ಲರೂ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದರು, ಅಂಗಡಿ ಮಾಲೀಕರೂ. ನನಗಿಂತ ಎಂಟು ವರ್ಷ ದೊಡ್ಡವರು.

ಆಗಿನ ಮೌಸಿನ ಹೊಟ್ಟೆಯಲ್ಲಿ ರಬ್ಬರಿನ ಗುಂಡು ಇರುತ್ತಿತ್ತು. ಅದನ್ನು ತೆಗೆದರೆ ಒಳಗೆ ಸಣ್ಣ ಉರುಳೆಗಳು. ಅವುಗಳ ಮೇಲೆ ಧೂಳು ಬಳೆಯ ಹಾಗೆ ಸುತ್ತಿಕೊಂಡು ಗಟ್ಟಿಯಾಗಿರುತ್ತಿತ್ತು. ವಾರಕ್ಕೊಮ್ಮೆ ಹೇರ್‌ಪಿನ್ನಿನಿಂದ ಕೆರೆದು ತೆಗೆಯುವುದು ನನ್ನ ಕೆಲಸ. ಆವತ್ತು ಕೆರೆದರೂ ಪ್ರಯೋಜನ ಆಗಲಿಲ್ಲ. ಮೌಸು ಪೂರ್ತಿ ಸತ್ತೇ ಹೋಗಿತ್ತು. ಬಾಣ ಸ್ಕ್ರೀನಿನ ನಡುವೆ ಅಲ್ಲಾಡದೆ ನಿಂತಿತ್ತು. ಎದುರಿಗೆ ಹೆಣ್ಣಿನ ತಂದೆ ನಿಂತಿದ್ದರು. ಕೈಯಲ್ಲಿ ಪ್ರೂಫು, ಅದರ ಮೇಲೆ ಕೆಂಪು ಗೆರೆ. ಮುಹೂರ್ತದ ಹೊತ್ತು ಬದಲಾಗಿದೆ, ತಿದ್ದಿ ಪ್ರಿಂಟ್ ಕೊಟ್ಟರೆ ಈಗಲೇ ಪ್ರೆಸ್ಸಿಗೆ ಹೋಗಬೇಕು ಎಂದರು. ಪ್ರೆಸ್ಸಿನವರು ಮೂರು ಗಂಟೆಯ ತನಕ ಮಾತ್ರ ಕಾಯುತ್ತಾರಂತೆ.

ನಾನು ಮೌಸ್ ತರೋಕೆ ಅಂತ ಎದ್ದೆ. ಅಕ್ಕ, ‘ಕೂತ್ಕೋ, ಆಮೇಲೆ ಹೋಗುವಿಯಂತೆ’ ಎಂದರು.

ಆಮೇಲೆ ನಡೆದದ್ದು ಹೆಚ್ಚೆಂದರೆ ಐದು ನಿಮಿಷ. ಇಷ್ಟು ವರ್ಷವಾದರೂ ಒಂದೊಂದು ಬೆರಳೂ ಕಣ್ಣಿಗೆ ಕಟ್ಟಿದ ಹಾಗಿದೆ. ಎಡಗೈಯ ಹೆಬ್ಬೆರಳು ಆಲ್ಟ್ ಮೇಲೆ ಕೂತಿತು. ಏಳಲಿಲ್ಲ. ನಡುಬೆರಳು ಟ್ಯಾಬ್ ತಟ್ಟಿತು. ಸ್ಕ್ರೀನಿನ ನಡುವೆ ಬೂದು ಬಣ್ಣದ ಒಂದು ಪಟ್ಟಿ ಮೂಡಿತು. ಅದರಲ್ಲಿ ತೆರೆದಿದ್ದ ಫೈಲುಗಳ ಪುಟ್ಟ ಚಿತ್ರಗಳು ಸಾಲಾಗಿ ನಿಂತಿದ್ದವು. ತಟ್ಟಿದ ಹಾಗೆ ಚೌಕ ಒಂದರಿಂದ ಒಂದಕ್ಕೆ ಸರಿಯುತ್ತದೆ. ಪುಟ ಜೋಡಿಸುವ ತಂತ್ರಾಂಶ ಪೇಜ್‌ಮೇಕರ್ ಬಂದಾಗ ಹೆಬ್ಬೆರಳು ಎದ್ದಿತು, ಲಗ್ನಪತ್ರಿಕೆ ತೆರೆದುಕೊಂಡಿತು. ಕರ್ಸರ್ ಅದೃಷ್ಟಕ್ಕೆ ಅಕ್ಷರಗಳ ನಡುವೆಯೇ ಇತ್ತು. ಬಾಣದ ಕೀಗಳಲ್ಲಿ ಒಂದೊಂದೇ ಸಾಲು ಇಳಿದು ಮುಹೂರ್ತದ ಸಾಲಿಗೆ ಬಂದರು. ಸ್ಕ್ರಾಲ್ ಲಾಕ್ ಒತ್ತಿದರು. ಕೀಬೋರ್ಡಿನ ಮೂಲೆಯಲ್ಲಿ ಹಸಿರು ದೀಪ ಹೊತ್ತಿತು. ಆಗ ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶದಲ್ಲಿ ಇಂಗ್ಲಿಷ್ ಅಕ್ಷರದಿಂದ ಕನ್ನಡ ಅಕ್ಷರಕ್ಕೆ ಬರುವುದು ಹಾಗೆಯೇ. ಬೇರೆಯವರಿಗೆ ಯಾತಕ್ಕೂ ಬೇಡವಾಗಿದ್ದ ಆ ಕೀ ನಮ್ಮ ಡಿಟಿಪಿ ಅಂಗಡಿಗಳಲ್ಲಿ ಮಾತ್ರ ಸವೆದು ಹೋಗಿರುತ್ತಿತ್ತು. ಹೊತ್ತು ತಿದ್ದಿಯಾಯಿತು. ಕಂಟ್ರೋಲ್-ಎಸ್. ಕಂಟ್ರೋಲ್-ಪಿ.

ಅಲ್ಲೊಂದು ತೊಡಕಾಯಿತು. ನಮ್ಮದು ಚಿಕ್ಕ ಮಾನಿಟರು. ಪ್ರಿಂಟಿನ ವಿಂಡೋ ಸ್ಕ್ರೀನಿಗಿಂತ ಕೆಳಗೆ ಇಳಿದು ಕೂತಿತ್ತು. ಅದರ ಕೆಳಗಿನ ಅರ್ಧ ಕಾಣುತ್ತಲೇ ಇರಲಿಲ್ಲ. ಮೌಸ್ ಇದ್ದಿದ್ದರೆ ತಲೆಪಟ್ಟಿ ಹಿಡಿದು ಮೇಲೆ ಎಳೆಯಬಹುದಿತ್ತು. ಅಕ್ಕ ಆಲ್ಟ್ ಹಿಡಿದು ಸ್ಪೇಸ್ ಬಾರ್ ಒತ್ತಿದರು. ವಿಂಡೋದ ಎಡ ಮೂಲೆಯಿಂದ ಒಂದು ಸಣ್ಣ ಮೆನು ಇಳಿಯಿತು. ಅದರಲ್ಲಿನ ಮೂವ್‌ಗೆ ಎಮ್ ಒತ್ತಿದರು. ಮೇಲ್ಬಾಣ ಒತ್ತಿ ಹಿಡಿದರು. ಆ ವಿಂಡೋ ತಾನಾಗಿಯೇ ಮೆಟ್ಟಿಲು ಹತ್ತುವ ಹಾಗೆ ಮೇಲೆ ಹತ್ತಿತು. ಎಂಟರ್ ಒತ್ತಿ ಅದನ್ನು ಅಲ್ಲೇ ನಿಲ್ಲಿಸಿ, ಎಷ್ಟು ಪ್ರತಿ ಎನ್ನುವುದನ್ನು ನೋಡಿಕೊಂಡು ಮತ್ತೆ ಎಂಟರ್ ಒತ್ತಿದರು. ಪ್ರಿಂಟರ್ ಗೊರಗೊರ ಎಂದು ಎದ್ದಿತು.

ಹೆಣ್ಣಿನ ತಂದೆ ಕಾಗದ ತಗೊಂಡು ದುಡ್ಡು ಕೊಟ್ಟು ಓಡಿದರು. ಅಲ್ಲಿ ಏನು ನಡೆಯಿತೆಂದು ಅವರಿಗೆ ಗೊತ್ತೇ ಆಗಲಿಲ್ಲ. ನನಗೆ ಮಾತ್ರ ಎದೆ ಹೊಡೆದುಕೊಳ್ಳುತ್ತಿತ್ತು. ಕಂಪ್ಯೂಟರ್ ಎಂದರೆ ಮೌಸ್ ಎಂದೇ ಅಂದುಕೊಂಡಿದ್ದೆ. ಬಾಣ ಇಲ್ಲದೆಯೂ ಒಳಗೆ ಓಡಾಡಬಹುದು ಎಂದು ನೋಡಿದ್ದು ಅವತ್ತೇ ಮೊದಲು. ಸಂಜೆ ಅಂಗಡಿ ಮುಚ್ಚುವ ಮೊದಲು ಅಕ್ಕ ನನ್ನ ಕೈ ಹಿಡಿದು ಕೀಬೋರ್ಡಿನ ಮೇಲಿಟ್ಟರು. ‘ಹೆಬ್ಬೆರಳು ಇಲ್ಲಿಡು. ಎತ್ಬೇಡ ಮಾರಾಯ್ತಿ, ಬೇಕಾದ್ದು ಬರೋ ತನಕ ಎತ್ಬೇಡ.’

ಯಾವ ಪಟ್ಟಿಯಲ್ಲೂ ಈ ಮಾತು ನಾನು ನೋಡಿಲ್ಲ. ಪಟ್ಟಿಯಲ್ಲಿ ಆಲ್ಟ್ ಕೂಡಿಸು ಟ್ಯಾಬ್ ಎಂದಷ್ಟೇ ಇರುತ್ತದೆ. ಎರಡನ್ನೂ ಒಟ್ಟಿಗೆ ಒತ್ತಿ ಒಟ್ಟಿಗೆ ಬಿಡುವವರೇ ಹೆಚ್ಚು. ಹಿಂದಿನ ವಿಂಡೋ ಒಂದೇ ಅವರಿಗೆ ಸಿಗುತ್ತದೆ, ಅದರಾಚೆಗಿನದು ಸಿಗುವುದಿಲ್ಲ. ‘ಇದು ಸರಿ ಬರಲ್ಲ’ ಎಂದು ಬಿಟ್ಟುಬಿಡುತ್ತಾರೆ. ಹೆಬ್ಬೆರಳು ಎತ್ತದೆ ಇರುವುದರಲ್ಲೇ ಎಲ್ಲ ಇದೆ.

ಸಾಲಿನಲ್ಲಿ ಯಾರು ಮೊದಲು

ಆಲ್ಟ್-ಟ್ಯಾಬ್ ಸಾಲು ಹೇಗೆ ಜೋಡಿಸಿಕೊಳ್ಳುತ್ತದೆ ಎಂದು ನನಗೆ ಅರ್ಥವಾಗಿದ್ದು ಬಹಳ ತಡವಾಗಿ. ಫೈಲು ತೆರೆದ ಕ್ರಮವೂ ಅಲ್ಲ, ಹೆಸರಿನ ಕ್ರಮವೂ ಅಲ್ಲ. ಕೊನೆಗೆ ಮುಟ್ಟಿದ್ದು ಎಲ್ಲಕ್ಕಿಂತ ಮುಂದೆ. ಅದಕ್ಕೂ ಮೊದಲು ಮುಟ್ಟಿದ್ದು ಅದರ ಹಿಂದೆ. ಅಡುಗೆಮನೆಯ ಶೆಲ್ಫಿನ ಹಾಗೆ. ಈಗ ತಾನೇ ತೆಗೆದ ಸಾಸಿವೆ ಡಬ್ಬಿ ಮುಂದೆ ನಿಲ್ಲುತ್ತದೆ. ತಿಂಗಳಿಂದ ಮುಟ್ಟದ ಗಸಗಸೆ ಹಿಂದಕ್ಕೆ ಸರಿದು ಗೋಡೆಗೆ ತಾಗಿರುತ್ತದೆ. ಯಾರೂ ಜೋಡಿಸುವುದಿಲ್ಲ, ಬಳಸುತ್ತಾ ಬಳಸುತ್ತಾ ತಾನೇ ಹಾಗಾಗುತ್ತದೆ.

ಇದು ಗೊತ್ತಾದ ಮೇಲೆ ಎರಡು ವಿಂಡೋಗಳ ನಡುವೆ ಓಡಾಡುವಾಗ ನೋಡುವ ಕೆಲಸವೇ ಇಲ್ಲ. ಒಂದು ತಟ್ಟು, ಹಿಂದಿನದು. ಇನ್ನೊಂದು ತಟ್ಟು, ಇಲ್ಲಿಗೆ. ಮೂರು ವಿಂಡೋ ಇದ್ದರೆ ಇನ್ನೂ ಚೆಂದ. ಪ್ರತಿ ಸಲವೂ ಹೆಬ್ಬೆರಳು ಹಿಡಿದು ಎರಡೆರಡು ಸಲ ಟ್ಯಾಬ್ ತಟ್ಟಿ ನೋಡಿ. ಮೂಲದಿಂದ ನಿಘಂಟಿಗೆ, ನಿಘಂಟಿನಿಂದ ಕನ್ನಡಕ್ಕೆ, ಕನ್ನಡದಿಂದ ಮತ್ತೆ ಮೂಲಕ್ಕೆ, ಹೀಗೆ ಮೂರೂ ಗಾಣದೆತ್ತಿನ ಹಾಗೆ ಸುತ್ತು ಬರುತ್ತವೆ. ನಾನು ಅನುವಾದ ಮಾಡುವುದು ಹೀಗೆಯೇ. ತಟ್ಟು ತಟ್ಟು, ಬಿಡು. ತಟ್ಟು ತಟ್ಟು, ಬಿಡು. ಒಂದು ಹಂತದಲ್ಲಿ ಬೆರಳು ತಟ್ಟುತ್ತಿದೆ ಎನ್ನುವುದೂ ಮರೆತು ಹೋಗುತ್ತದೆ. ಜಾಸ್ತಿ ತಟ್ಟಿ ಮುಂದೆ ಹೋಗಿಬಿಟ್ಟರೆ ಶಿಫ್ಟ್ ಸೇರಿಸಿದರಾಯಿತು, ಸಾಲು ಹಿಂದಕ್ಕೆ ಬರುತ್ತದೆ. ಬೇಡ ಅನ್ನಿಸಿದರೆ ಹೆಬ್ಬೆರಳು ಎತ್ತುವ ಮೊದಲೇ ಎಸ್ಕೇಪ್ ಒತ್ತಿ, ಎಲ್ಲಿದ್ದೆವೋ ಅಲ್ಲೇ ಉಳಿಯುತ್ತೇವೆ.

ಇದರಿಂದ ಎಷ್ಟು ಸೆಕೆಂಡು ಉಳಿಯುತ್ತದೆ ಎಂದು ಲೆಕ್ಕ ಹಾಕುವವರಿದ್ದಾರೆ. ನನಗೆ ಆ ಲೆಕ್ಕದಲ್ಲಿ ಆಸಕ್ತಿ ಇಲ್ಲ. ಹಾವೇರಿಯ ಹುಡುಗಿಯ ತುಟಿ ನಿಂತದ್ದೇ ನನಗೆ ಕಾಣುವುದು. ಮೌಸ್ ಹಿಡಿದು ಕೆಳಗಿನ ಪಟ್ಟಿಗೆ ಹೋದಾಗ ಕಣ್ಣು ಅಲ್ಲಿ ಹೋಗಲೇಬೇಕು, ಅಲ್ಲಿನ ಹೆಸರು ಓದಲೇಬೇಕು, ಯಾವುದು ಎಂದು ಆರಿಸಲೇಬೇಕು. ಓದು ಒಳಗೆ ಬಂದ ಕೂಡಲೇ ಬಾಯಲ್ಲಿದ್ದ ಅಂಕಿ ಹೊರಗೆ ಹೋಗುತ್ತದೆ. ಅನುವಾದದಲ್ಲಿ ಅಂಕಿಯ ಜಾಗದಲ್ಲಿ ಅರ್ಧ ವಾಕ್ಯ ಇರುತ್ತದೆ. ಇಂಗ್ಲಿಷ್ ಓದಿ, ಕನ್ನಡದಲ್ಲಿ ಅದು ಹೇಗೆ ಕೂರುತ್ತದೆ ಎಂದು ಮನಸ್ಸಿನಲ್ಲಿ ಇನ್ನೂ ಹದ ಆಗುತ್ತಿರುತ್ತದೆ. ಆ ಅರ್ಧ ವಾಕ್ಯ ಬಹಳ ಮೆತ್ತಗೆ. ಒಂದು ಸಲ ಕಳೆದರೆ ಅದೇ ವಾಕ್ಯ ಮತ್ತೆ ಬರಲ್ಲ, ಬೇರೆ ಯಾವುದೋ ಬರುತ್ತದೆ.

ವಿಂಡೋಗಳು ಒಂದರ ಮೇಲೊಂದು ಬೀಳುವುದು ಮೊದಲಿನಿಂದಲೂ ಹೀಗೆಯೇ ಇತ್ತು ಎಂದು ಅಂದುಕೊಂಡಿದ್ದೆ. ಹಾಗಲ್ಲ. 1985ರಲ್ಲಿ ಬಂದ ಮೈಕ್ರೋಸಾಫ್ಟಿನ ಮೊದಲ ವಿಂಡೋಸ್‌ನಲ್ಲಿ ವಿಂಡೋಗಳು ನೆಲಕ್ಕೆ ಹಾಸಿದ ಕಲ್ಲಿನ ಹಾಗೆ ಪಕ್ಕಪಕ್ಕದಲ್ಲೇ ಕೂರಬೇಕಿತ್ತು. ಒಂದು ಇನ್ನೊಂದನ್ನು ಮುಚ್ಚುವ ಹಾಗಿರಲಿಲ್ಲ. 1987ರ ಎರಡನೇ ಆವೃತ್ತಿಯಲ್ಲಿ ಒಂದರ ಮೇಲೊಂದು ಬರಲು ಶುರುವಾಯಿತು. ಅಲ್ಲಿಂದ ಹುಡುಕಾಟವೂ ಶುರುವಾಯಿತು. 1992ರ ವಿಂಡೋಸ್ 3.1ರಲ್ಲಿ ಆಲ್ಟ್-ಟ್ಯಾಬ್ ಒತ್ತಿದರೆ ನಡುವೆ ಒಂದು ಪೆಟ್ಟಿಗೆ ಬಂದು ಹೆಸರು ತೋರಿಸುತ್ತಿತ್ತು. 1995ರಲ್ಲಿ ಚಿತ್ರಗಳ ಸಾಲು ಬಂತು. ಅಕ್ಕನ ಸ್ಕ್ರೀನ್ ಮೇಲೆ ನಾನು ನೋಡಿದ್ದು ಅದನ್ನೇ. ವಿಂಡೋಸ್ ವಿಸ್ತಾದ ಕಾಲಕ್ಕೆ ಒಂದೊಂದು ವಿಂಡೋವೂ ಪುಟ್ಟದಾಗಿ ಕಾಣತೊಡಗಿತು. 2009ರ ವಿಂಡೋಸ್ 7ರಲ್ಲಿ ವಿಂಡೋಸ್ ಕೀ ಹಿಡಿದು ಎಡಬಾಣ ಒತ್ತಿದರೆ ವಿಂಡೋ ಸ್ಕ್ರೀನಿನ ಎಡ ಅರ್ಧಕ್ಕೆ, ಬಲಬಾಣ ಒತ್ತಿದರೆ ಬಲ ಅರ್ಧಕ್ಕೆ ಹೋಗಿ ಕೂರುವ ಹಾಗಾಯಿತು. ಅಂದರೆ 24 ವರ್ಷ ಸುತ್ತಿ ಮತ್ತೆ ಪಕ್ಕಪಕ್ಕ ಕೂರುವ ಜಾಗಕ್ಕೇ ಬಂದೆವು. ಈ ಸಲ ಬೇಕಾದಾಗ ಮಾತ್ರ. ದೊಡ್ಡ ಮಾನಿಟರ್ ಇದ್ದವರಿಗೆ ಇದು ಬಹಳ ಒಳ್ಳೆಯದು. ಎಡಕ್ಕೆ ಮೂಲ, ಬಲಕ್ಕೆ ಕನ್ನಡ ಹಾಕಿಕೊಂಡರೆ ಕಣ್ಣು ಮಾತ್ರ ಓಡಾಡಿದರೆ ಸಾಕು. ನಮ್ಮ ಆಫೀಸಿನ ಚಿಕ್ಕ ಲ್ಯಾಪ್‌ಟಾಪಿನಲ್ಲಿ ಅಕ್ಷರ ಸಾಸಿವೆಯಷ್ಟಾಗುತ್ತದೆ, ಹಾಗಾಗಿ ನನ್ನ ಆಯ್ಕೆ ಈಗಲೂ ಆಲ್ಟ್-ಟ್ಯಾಬ್.

ಇನ್ನೊಂದು ವಿಷಯ ನನ್ನನ್ನು ಕಾಡುತ್ತದೆ. ಹಿಂದೆ ಮೆನುಗಳಲ್ಲಿ ಒಂದೊಂದು ಪದದಲ್ಲೂ ಒಂದು ಅಕ್ಷರದ ಕೆಳಗೆ ಗೆರೆ ಇರುತ್ತಿತ್ತು. ಫೈಲ್ ಎನ್ನುವಲ್ಲಿ ಎಫ್ ಕೆಳಗೆ, ಎಡಿಟ್ ಎನ್ನುವಲ್ಲಿ ಇ ಕೆಳಗೆ. ಆಲ್ಟ್ ಹಿಡಿದು ಆ ಅಕ್ಷರ ಒತ್ತಿದರೆ ಆ ಮೆನು ತೆರೆಯುತ್ತದೆ ಎನ್ನುವುದರ ಗುರುತು ಅದು. ಮೌಸ್ ಹಿಡಿದವರಿಗೂ ದಿನಾ ಕಣ್ಣಿಗೆ ಬೀಳುತ್ತಿತ್ತು. ಒಂದು ದಿನ ಯಾಕಿದು ಎಂದು ಒತ್ತಿ ನೋಡುತ್ತಿದ್ದರು. ವಿಂಡೋಸ್ 2000ದಿಂದ ಆ ಗೆರೆಗಳನ್ನು ಅಡಗಿಸಿಟ್ಟರು. ಆಲ್ಟ್ ಒತ್ತಿದ ಮೇಲೆಯೇ ಅವು ಕಾಣುವುದು. ಗೊತ್ತಿದ್ದವರು ಒತ್ತುತ್ತಾರೆ, ಗೊತ್ತಿಲ್ಲದವರಿಗೆ ಗೊತ್ತಾಗುವ ದಾರಿಯೇ ಮುಚ್ಚಿತು. ಸ್ಕ್ರೀನು ನೋಡೋಕೆ ನೀಟಾಯಿತು, ನಿಜ. ಆದರೆ ಹೇಳಿಕೊಡುತ್ತಿದ್ದ ಒಬ್ಬ ಮೇಷ್ಟ್ರನ್ನು ಮನೆಗೆ ಕಳಿಸಿದ ಹಾಗಾಯಿತು. ಇದು ಸರಿಯಲ್ಲ ಎಂದೇ ಈಗಲೂ ನನ್ನ ಅಭಿಪ್ರಾಯ.

ಮೌಸನ್ನು ಲೋಕಕ್ಕೆ ತೋರಿಸಿದ ಡಗ್ಲಾಸ್ ಎಂಗೆಲ್‌ಬಾರ್ಟ್ ಅವರ ವಿಷಯ ಇಲ್ಲಿ ನೆನಪಾಗುತ್ತದೆ. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಂದೂವರೆ ಗಂಟೆ ಕೂತು ಅವರು ಅದನ್ನು ಬಳಸಿ ತೋರಿಸಿದರು. ಆ ದಿನದ ಚಿತ್ರಣ ಈಗಲೂ ನೋಡಲು ಸಿಗುತ್ತದೆ. ಎಲ್ಲರೂ ಅವರ ಬಲಗೈ ನೋಡುತ್ತಾರೆ, ಮೌಸ್ ಅಲ್ಲಿದೆಯಲ್ಲ. ನಾನು ಅವರ ಎಡಗೈ ನೋಡಿದೆ. ಅದರ ಕೆಳಗೆ ಐದು ಕೀಗಳ ಒಂದು ಪುಟ್ಟ ಪೆಟ್ಟಿಗೆ. ಹಾರ್ಮೋನಿಯಂನಲ್ಲಿ ಎರಡು ಮೂರು ಮನೆ ಒಟ್ಟಿಗೆ ಒತ್ತುವ ಹಾಗೆ, ಆ ಕೀಗಳನ್ನು ಜೊತೆಜೊತೆಯಾಗಿ ಒತ್ತಿ ಅವರು ಕಂಪ್ಯೂಟರಿಗೆ ಆಜ್ಞೆ ಕೊಡುತ್ತಿದ್ದರು. ಬಲಗೈ ತೋರಿಸುವುದು, ಎಡಗೈ ಹೇಳುವುದು, ಎರಡೂ ಒಟ್ಟಿಗೆ. ಮುಂದೆ ಮೌಸ್ ಮನೆಮನೆಗೂ ಬಂತು. ಆ ಐದು ಕೀಗಳ ಪೆಟ್ಟಿಗೆ ಬರಲಿಲ್ಲ. ಅದನ್ನು ಕಲಿಯಲು ಒಂದಷ್ಟು ದಿನ ಬೇಕಿತ್ತು, ಮೌಸಿಗೆ ಹತ್ತು ನಿಮಿಷ ಸಾಕಿತ್ತು. ಎಡಗೈ ಅವತ್ತಿನಿಂದ ಸುಮ್ನೆ ಕೂತಿದೆ ಎಂದು ನನಗೆ ಅನ್ನಿಸುತ್ತದೆ. ಟೇಬಲ್ ಮೇಲೆ ಮೊಣಕೈ ಊರಿ, ಗಲ್ಲಕ್ಕೆ ಕೈ ಕೊಟ್ಟು, ಒಂದೇ ಕೈಯಲ್ಲಿ ಕೆಲಸ ಮಾಡುವವರನ್ನು ಯಾವ ಆಫೀಸಿನಲ್ಲಿ ಬೇಕಾದರೂ ನೋಡಬಹುದು.

ಒಂದೇ ದಾರಿ

ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ ಗೆಳೆಯರಿದ್ದಾರೆ. ಅವರಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಒಮ್ಮೆ ಒಂದು ಅನುವಾದ ತೋರಿಸಿ ಅಭಿಪ್ರಾಯ ಕೇಳೋಣ ಎಂದು ಅವರ ಮನೆಗೆ ಹೋಗಿದ್ದೆ. ಲ್ಯಾಪ್‌ಟಾಪ್ ತೆರೆದಿದೆ, ಸ್ಕ್ರೀನ್ ಪೂರ್ತಿ ಕತ್ತಲು. ಬ್ಯಾಟರಿ ಉಳಿಯಲಿ ಎಂದು ಬೆಳಕು ಪೂರ್ತಿ ಇಳಿಸಿಟ್ಟಿದ್ದಾರೆ. ಆ ಕತ್ತಲಿನೊಳಗೆ ಅವರು ಟಕಟಕ ಓಡಾಡುತ್ತಿದ್ದರು. ಒಂದೊಂದು ಸಲ ಕೀ ಒತ್ತಿದಾಗಲೂ ಒಂದು ದನಿ ವೇಗವಾಗಿ ಏನೋ ಹೇಳುತ್ತದೆ. ಎಷ್ಟು ವೇಗ ಎಂದರೆ ನನಗೆ ಒಂದು ಪದವೂ ಹಿಡಿಯಲಿಲ್ಲ.

ಅದು ಎನ್‌ವಿಡಿಎ. ಸ್ಕ್ರೀನ್ ಮೇಲೆ ಇರುವುದನ್ನು ಓದಿ ಹೇಳುವ ತಂತ್ರಾಂಶ. ಮೈಕೆಲ್ ಕರನ್ ಮತ್ತು ಜೇಮ್ಸ್ ಟೇ ಎಂಬ ಆಸ್ಟ್ರೇಲಿಯಾದ ಇಬ್ಬರು ಸೇರಿ ಕಟ್ಟಿದ್ದು. ಇಬ್ಬರಿಗೂ ಕಣ್ಣು ಕಾಣುವುದಿಲ್ಲ. 2006ರಲ್ಲಿ ಶುರುವಾಯಿತು, ದುಡ್ಡು ಕೊಡಬೇಕಾಗಿಲ್ಲ. ಇದಕ್ಕೂ ಮೊದಲು ಇದ್ದ ಇಂಥ ತಂತ್ರಾಂಶಗಳನ್ನು ನಮ್ಮಂಥವರ ಸಂಬಳದಲ್ಲಿ ಕೊಳ್ಳುವುದು ಕಷ್ಟವಿತ್ತು.

ನಾನು ಅವರ ಕೈ ನೋಡುತ್ತಿದ್ದೆ. ಅವರು ಆಲ್ಟ್-ಟ್ಯಾಬ್ ಬಳಸುತ್ತಾರೆ, ಆದರೆ ಕಡಿಮೆ. ವಿಂಡೋಸ್ ಕೀ ಹಿಡಿದು 1 ಒತ್ತಿದರೆ ಬ್ರೌಸರು. 2 ಒತ್ತಿದರೆ ಎಕ್ಸೆಲ್. 3 ಒತ್ತಿದರೆ ಮೇಲ್. ಕೆಳಗಿನ ಪಟ್ಟಿಯಲ್ಲಿ ಎಡದಿಂದ ಎಷ್ಟನೆಯದೋ ಆ ಅಂಕಿ. ತೆರೆದಿರದಿದ್ದರೆ ತೆರೆಯುತ್ತದೆ, ತೆರೆದಿದ್ದರೆ ಮುಂದೆ ಬರುತ್ತದೆ. ಅವರು ಅದನ್ನು ಎಷ್ಟೋ ವರ್ಷದಿಂದ ಅದೇ ಕ್ರಮದಲ್ಲಿ ಇಟ್ಟುಕೊಂಡಿದ್ದಾರೆ. ಲ್ಯಾಪ್‌ಟಾಪ್ ಬದಲಾದರೂ ಕ್ರಮ ಬದಲಾಗಿಲ್ಲ. ‘ಆಲ್ಟ್-ಟ್ಯಾಬ್‌ನಲ್ಲಿ ಸಾಲು ಬದಲಾಗ್ತಾ ಇರುತ್ತೆ ಮೇಡಂ. ಪ್ರತಿ ಸಲ ಕೇಳಿಸ್ಕೊಂಡು ನಿಲ್ಲಬೇಕು. ಇದಾದ್ರೆ ಅಲ್ಲೇ ಇರುತ್ತೆ. ಮನೇಲಿ ಕುರ್ಚಿ ಅಲ್ಲೇ ಇರೋ ಹಾಗೆ’ ಎಂದರು. ಅವರ ಮನೆಯಲ್ಲಿ ಯಾರೂ ಕುರ್ಚಿ ಸರಿಸುವುದಿಲ್ಲ ಎಂದು ಆಮೇಲೆ ಗಮನಿಸಿದೆ. ನನಗೆ ಕಾಫಿ ಕೊಡಲು ಬಂದ ಅವರ ಹೆಂಡತಿ, ನಾನು ಎಳೆದುಕೊಂಡಿದ್ದ ಕುರ್ಚಿಯನ್ನು ನಾನು ಎದ್ದ ಕೂಡಲೇ ಇದ್ದಲ್ಲಿಗೆ ತಳ್ಳಿದರು.

‘ನಿಮಗೆ ಇಷ್ಟು ಶಾರ್ಟ್‌ಕಟ್ ಎಲ್ಲಾ ಹೇಗೆ ನೆನಪಿರುತ್ತೆ’ ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಎಲ್ಲರೂ ಶಾರ್ಟ್‌ಕಟ್ ಅಂತಾರೆ. ಉದ್ದದ ದಾರಿ ಯಾವುದು ಮೇಡಂ? ನನಗೆ ಗೊತ್ತಿರೋದು ಇದೊಂದೇ’ ಎಂದರು.

ಅವರ ಮಾತು ಕೇಳಿದ ಮೇಲೆ ಆ ಪದವನ್ನು ಕನ್ನಡಕ್ಕೆ ತರುವಾಗ ನನ್ನ ಕೈ ತಡೆಯುತ್ತದೆ. ಅಡ್ಡದಾರಿ ಎಂದು ಬರೆಯಲು ಬರುವುದಿಲ್ಲ. ಕನ್ನಡದಲ್ಲಿ ಅಡ್ಡದಾರಿ ಹಿಡಿದವನೆಂದರೆ ಕೆಟ್ಟವನು. ಒಳದಾರಿ ಎಂದರೆ ಸರಿ ಕೇಳುತ್ತದೆ. ನಮ್ಮೂರ ಕಡೆ ಅಡಿಕೆ ತೋಟದ ನಡುವೆ ಇರುತ್ತದಲ್ಲ, ಊರವರಿಗಷ್ಟೇ ಗೊತ್ತಿರುವ ದಾರಿ. ಬೋರ್ಡು ಇರುವುದಿಲ್ಲ. ಯಾರೋ ಒಬ್ಬರು ಒಂದು ಸಲ ಕರೆದುಕೊಂಡು ಹೋಗಿರಬೇಕು. ಆದರೆ ಓದುವವರಿಗೆ ಕೀಬೋರ್ಡ್ ಒಳದಾರಿ ಎಂದರೆ ಏನೂ ತಿಳಿಯುವುದಿಲ್ಲ, ಶಾರ್ಟ್‌ಕಟ್ ಎಂದರೆ ತಟ್ಟನೆ ತಿಳಿಯುತ್ತದೆ. ಹಾಗಾಗಿ ಶಾರ್ಟ್‌ಕಟ್ ಎಂದೇ ಬರೆಯುತ್ತೇನೆ.

ಎರಡು ಭಾಷೆ, ಎರಡು ವಿಂಡೋ

ಕನ್ನಡದಲ್ಲಿ ಟೈಪ್ ಮಾಡುವವರಿಗೆ ವಿಂಡೋ ಬದಲಿಸುವುದರ ಜೊತೆ ಇನ್ನೊಂದು ತಲೆನೋವಿದೆ. ಇಂಗ್ಲಿಷಿನಲ್ಲಷ್ಟೇ ಟೈಪ್ ಮಾಡುವವರಿಗೆ ಇದು ಗೊತ್ತಾಗುವುದಿಲ್ಲ. ಕನ್ನಡದ ಫೈಲಿನಲ್ಲಿ ಕನ್ನಡ ಟೈಪ್ ಮಾಡುತ್ತಿರುತ್ತೀರಿ. ಒಂದು ಪದ ಹುಡುಕಬೇಕು ಎಂದು ಬ್ರೌಸರಿಗೆ ಹೋಗುತ್ತೀರಿ. ಇಂಗ್ಲಿಷ್ ಪದ ಹೊಡೆದರೆ ಅಲ್ಲಿ ಕನ್ನಡ ಅಕ್ಷರಗಳು ಕಲಸಿ ಬೀಳುತ್ತವೆ. ಅಳಿಸಿ, ಭಾಷೆ ಬದಲಿಸಿ, ಮತ್ತೆ ಹೊಡೆಯುತ್ತೀರಿ. ವಾಪಸ್ ಬಂದರೆ ಇಲ್ಲಿ ಈಗ ಇಂಗ್ಲಿಷ್. ದಿನಕ್ಕೆ ನೂರು ಸಲ ಹೀಗಾಗುತ್ತದೆ. ವಿಂಡೋಸ್ ಕೀ ಹಿಡಿದು ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ, ಅದು ಬಹಳ ಜನರಿಗೆ ಗೊತ್ತು.

ಇದಕ್ಕೆ ಒಂದು ಮದ್ದಿದೆ. ಸೆಟ್ಟಿಂಗ್ಸ್‌ನಲ್ಲಿ ಟೈಪಿಂಗ್ ಎನ್ನುವಲ್ಲಿಗೆ ಹೋಗಿ, ಅಡ್ವಾನ್ಸ್ಡ್ ಕೀಬೋರ್ಡ್ ಸೆಟ್ಟಿಂಗ್ಸ್ ತೆರೆಯಿರಿ. ಒಂದೊಂದು ಆಪ್ ವಿಂಡೋಗೂ ಬೇರೆ ಬೇರೆ ಇನ್‌ಪುಟ್ ಇರಲಿ ಎನ್ನುವ ಒಂದು ಚೌಕ ಅಲ್ಲಿದೆ. ಅದಕ್ಕೆ ಟಿಕ್ ಹಾಕಿದರೆ ಸಾಕು. ಆಮೇಲೆ ಕನ್ನಡದ ಫೈಲಿಗೆ ಬಂದರೆ ಕನ್ನಡ, ಬ್ರೌಸರಿಗೆ ಹೋದರೆ ಇಂಗ್ಲಿಷ್. ಎಲ್ಲಿ ಏನು ಬಿಟ್ಟು ಹೋಗಿದ್ದಿರೋ ಅದು ಅಲ್ಲೇ ಇರುತ್ತದೆ. ನಾನು ಇದನ್ನು ಕಂಡುಕೊಂಡ ದಿನ ನಮ್ಮ ಆಫೀಸಿನ ಏಳೂ ಜನರ ಕಂಪ್ಯೂಟರಿಗೆ ನಾನೇ ಹೋಗಿ ಟಿಕ್ ಹಾಕಿ ಬಂದೆ. ಒಬ್ಬರು ಹಿರಿಯರು ಎರಡು ದಿನ ಬಿಟ್ಟು ಬಂದು, ‘ಕೈ ಹಗುರಾಯ್ತು’ ಎಂದರು. ಅಷ್ಟೇ ಎಂದದ್ದು. ನನಗೆ ಅದು ಸಾಕಾಗಿತ್ತು.

ಮ್ಯಾಕ್ ಇಟ್ಟುಕೊಂಡ ಗೆಳತಿಯೊಬ್ಬಳು ಆಲ್ಟ್-ಟ್ಯಾಬ್ ತನ್ನಲ್ಲಿ ಸರಿ ಇಲ್ಲ ಎಂದು ದೂರುತ್ತಿದ್ದಳು. ಅಲ್ಲಿ ಕಮಾಂಡ್-ಟ್ಯಾಬ್ ಒತ್ತಿದರೆ ಒಂದು ಆಪ್‌ನಿಂದ ಇನ್ನೊಂದು ಆಪ್‌ಗೆ ಹೋಗುತ್ತದೆ, ವಿಂಡೋದಿಂದ ವಿಂಡೋಗೆ ಅಲ್ಲ. ಒಂದೇ ಆಪ್‌ನ ಎರಡು ವಿಂಡೋ ನಡುವೆ ಹೋಗಲು ಕಮಾಂಡ್ ಹಿಡಿದು ಟ್ಯಾಬ್‌ನ ಮೇಲಿರುವ ಕೀ ಒತ್ತಬೇಕು. ಬೆರಳು ಒಂದು ಮನೆ ಮೇಲೆ ಹೋಗಬೇಕು, ಅಷ್ಟೇ ವ್ಯತ್ಯಾಸ. ಫೋನಿನಲ್ಲೇ ಹೇಳಿದೆ. ಅಲ್ಲಿಂದ ಟಕ್ ಎನ್ನುವ ಸದ್ದು, ಆಮೇಲೆ ‘ಅಯ್ಯೋ’ ಎನ್ನುವ ದನಿ ಕೇಳಿಸಿತು.

ಅಕ್ಕನಿಗೆ ಫೋನ್ ಮಾಡಿದೆ

ಹಾವೇರಿ ಹುಡುಗಿಯ ಪ್ರಶ್ನೆ ತಲೆಯಲ್ಲಿ ಇದ್ದೇ ಇತ್ತು. ನನಗೆ ಅಕ್ಕ ಹೇಳಿಕೊಟ್ಟರು. ಅಕ್ಕನಿಗೆ ಯಾರು ಹೇಳಿಕೊಟ್ಟರು? ಇಷ್ಟು ವರ್ಷದಲ್ಲಿ ನಾನು ಕೇಳಿಯೇ ಇರಲಿಲ್ಲ. ಹೋದ ಭಾನುವಾರ ಫೋನ್ ಮಾಡಿದೆ. ಅವರು ಈಗ ತೀರ್ಥಹಳ್ಳಿ ಹತ್ತಿರ ಇದ್ದಾರೆ. ಕಂಪ್ಯೂಟರ್ ಬಿಟ್ಟು ಬಹಳ ಕಾಲವಾಯಿತು, ಮನೆಯಲ್ಲೇ ಹೊಲಿಗೆ ಮಾಡುತ್ತಾರೆ. ಮಾತಾಡುವಾಗ ಹಿಂದೆ ಮಷೀನಿನ ಸದ್ದು ಬರುತ್ತಿತ್ತು. ನಡುವೆ ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು.

ಮೌಸ್ ಸತ್ತ ದಿನ ನೆನಪಿದೆಯಾ ಎಂದು ಕೇಳಿದೆ. ಅವರಿಗೆ ನೆನಪಿರಲಿಲ್ಲ. ಅಂಥ ದಿನಗಳು ಎಷ್ಟೋ ಇದ್ದವು ಎಂದರು. ‘ಹಾಗಾದ್ರೆ ಆ ಆಲ್ಟ್-ಟ್ಯಾಬು, ಆಲ್ಟ್-ಸ್ಪೇಸು ಎಲ್ಲಾ ನಿಮಗೆ ಯಾರು ಹೇಳಿಕೊಟ್ಟದ್ದು ಅಕ್ಕ?’

ಮಷೀನು ನಿಂತಿತು.

‘ಯಾರೂ ಹೇಳ್ಕೊಡ್ಲಿಲ್ಲ. ನಾನು ಕ್ಲಾಸಿಗೆ ಹೋಗ್ತಿದ್ದೆ, ಆರು ತಿಂಗಳ ಕೋರ್ಸು. ಒಂದು ಕಂಪ್ಯೂಟರಿಗೆ ಮೂರು ಜನ. ಬಲಗಡೆ ಒಬ್ಬ ಹುಡುಗ, ನಡುವೆ ಒಬ್ಬ ಹುಡುಗ, ಎಡಗಡೆ ನಾನು. ಮೌಸ್ ಬಲಗಡೆ ಇರೋದಲ್ವಾ? ಅದು ನನ್ನ ಕೈಗೆ ಬಂದದ್ದೇ ಇಲ್ಲ. ಕೇಳೋಕೆ ಸಂಕೋಚ. ನನ್ನ ಕೈಗೆ ಸಿಗ್ತಿದ್ದದ್ದು ಆ ಎಡ ಮೂಲೆ ಕೀಗಳು ಮಾತ್ರ. ಟ್ಯಾಬು, ಶಿಫ್ಟು, ಕಂಟ್ರೋಲು, ಆಲ್ಟು. ಅವರಿಬ್ಬರೂ ಮೇಷ್ಟ್ರ ಕಡೆ ನೋಡ್ತಿರುವಾಗ ಸುಮ್ನೆ ಒಂದೊಂದೇ ಒತ್ತಿ ಏನಾಗುತ್ತೆ ಅಂತ ನೋಡ್ತಿದ್ದೆ. ಏನಾದ್ರೂ ಬಂದ್ರೆ ಮನೆಗೆ ಹೋಗಿ ಪುಸ್ತಕದಲ್ಲಿ ಬರ್ಕೊಳ್ತಿದ್ದೆ.’

ನನಗೆ ಸ್ವಲ್ಪ ಹೊತ್ತು ಏನು ಹೇಳಬೇಕೋ ತಿಳಿಯಲಿಲ್ಲ. ಕೀಬೋರ್ಡನ್ನು ದಿನಾ ನೋಡುತ್ತೇನೆ. ಆಲ್ಟ್, ಟ್ಯಾಬ್, ಕಂಟ್ರೋಲ್, ವಿಂಡೋಸ್ ಕೀ ಎಲ್ಲ ಎಡ ಅಂಚಿನಲ್ಲಿವೆ ಎನ್ನುವುದು ನನಗೆ ಗೊತ್ತು. ಆ ಅಂಚಿನಲ್ಲಿ ಒಬ್ಬ ಹುಡುಗಿ ಆರು ತಿಂಗಳು ಕೂತಿದ್ದಳು ಎನ್ನುವುದು ಗೊತ್ತಿರಲಿಲ್ಲ.

ಹಾವೇರಿ ಹುಡುಗಿಯ ವಿಷಯ ಹೇಳಿದೆ. ಅವಳ ತುಟಿ ನಿಂತದ್ದು, ಎಲ್ಲಿ ಬರೆದಿರುತ್ತಾರೆ ಎಂದು ಕೇಳಿದ್ದು, ಎಲ್ಲವನ್ನೂ. ಅಕ್ಕ ಕೇಳಿಸಿಕೊಂಡರು.

‘ಹೆಬ್ಬೆರಳು ಎತ್ತಬಾರ್ದು ಅಂತ ಹೇಳಿದೀಯಾ?’

‘ಹೇಳಿದೀನಿ ಅಕ್ಕ.’

‘ಆಲ್ಟ್-ಸ್ಪೇಸ್?’

‘ಇನ್ನೂ ಇಲ್ಲ. ಈಗ ಅದು ಅಷ್ಟು ಬೇಕಾಗಲ್ಲ ಅನ್ಸುತ್ತೆ.’

‘ಯಾಕೆ ಬೇಕಾಗಲ್ಲ? ನಿಮ್ಮಲ್ಲಿ ಎರಡೆರಡು ಮಾನಿಟರ್ ಇರ್ತವಂತಲ್ಲ, ನಮ್ಮ ಮಗ ಹೇಳ್ತಿದ್ದ. ಒಂದರ ವಯರ್ ಕಿತ್ರೆ ಅದರ ಮೇಲಿದ್ದ ವಿಂಡೋ ಕೆಲವು ಸಲ ಹೊರಗೇ ಉಳ್ಕೊಳ್ಳುತ್ತಂತೆ. ಕಾಣೋದೇ ಇಲ್ವಂತೆ. ಆಗ ಏನು ಮಾಡ್ತೀರಿ?’

ನಿಜ. ನಮ್ಮ ಆಫೀಸಿನಲ್ಲಿ ಅದು ಎಷ್ಟೋ ಸಲ ಆಗಿದೆ. ಜನ ಕಂಪ್ಯೂಟರನ್ನೇ ಆರಿಸಿ ಮತ್ತೆ ಹಾಕುತ್ತಾರೆ.

‘ಹೇಳ್ಕೊಡು. ಎಮ್ ಒತ್ತಿದ ಮೇಲೆ ಏನೂ ಆಗಲ್ಲ ಅನ್ಸುತ್ತೆ, ಬಹಳ ಜನ ಅಲ್ಲೇ ಬಿಟ್ಟುಬಿಡ್ತಾರೆ. ಬಾಣದ ಕೀ ಒತ್ತಿ ಹಿಡ್ಕೊಳ್ಳೋಕೆ ಹೇಳು. ಬರುತ್ತೆ. ಎಲ್ಲಿದ್ರೂ ಬರುತ್ತೆ.’

ಮಷೀನು ಮತ್ತೆ ಶುರುವಾಯಿತು. ಆರು ಗಂಟೆಗೆ ಒಬ್ಬರಿಗೆ ಬ್ಲೌಸ್ ಕೊಡಬೇಕಂತೆ, ಫೋನ್ ಇಟ್ಟರು.

ಸೋಮವಾರ ಬೆಳಿಗ್ಗೆ ಆಫೀಸಿಗೆ ಹೋದಾಗ ಹುಡುಗಿ ಆಗಲೇ ಬಂದು ಕೂತಿದ್ದಳು. ನನ್ನ ಕುರ್ಚಿಯನ್ನು ತಳ್ಳಿಕೊಂಡು ಸುತ್ತು ಹಾಕಿ ಹೋಗಿ, ಅವಳ ಎಡಗಡೆ ಕೂತೆ.